ತೇರು ಹಾಯುವ ಬೀದಿಯಲ್ಲಿ ಕಲಾಮಂದಿರ: ಅಳತೆಯಿಂದ ಮೊದಲ ಮಳೆಯವರೆಗೆ

ಕರಾವಳಿಯ ಹಳೆಯ ಪೇಟೆಯೊಂದರ ರಥಬೀದಿಯಲ್ಲಿ 120 ಜನ ಕೂರುವ ಕಲಾಮಂದಿರ ಕಟ್ಟುವಾಗ ನಾವು ಹಿಡಿದ ಕ್ರಮ ಇದು. ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ), ಯಕ್ಷಗಾನ, ಸಂಗೀತ ಇಲ್ಲಿನ ಮುಖ್ಯ ಬಳಕೆ. ಎದುರಿಗೆ ಹಳೆಯ ವೇಷಭೂಷಣ, ಫೋಟೋ, ಪ್ರಸಂಗಪ್ರತಿಗಳಿಗೆ ಒಂದು ಕೋಣೆ, ಅದರ ಮುಂದೆ ಯಾರು ಬೇಕಾದರೂ ಕೂರಬಹುದಾದ ಜಗಲಿ. ನಿವೇಶನ 11 ಮೀ. ಅಗಲ, 38 ಮೀ. ಉದ್ದ. ಎಡಬಲ ಎರಡೂ ಕಡೆ ಹಳೆಯ ಮನೆಗಳು.

ಬೀದಿಯನ್ನು ಖಾಲಿ ದಿನ ಅಳೆಯಬಾರದು. ಇದು ನಮ್ಮ ಮೊದಲ ನಿಯಮ, ಉಳಿದ ಹೆಚ್ಚಿನದೆಲ್ಲ ಇದರಿಂದಲೇ ಹುಟ್ಟಿದ್ದು. ಸರ್ವೆಯವರು ಕೊಡುವ ನಕ್ಷೆಯಲ್ಲಿ ರಸ್ತೆಯ ಅಗಲ ಮಾತ್ರ ಇರುತ್ತದೆ, ತೇರು ಇರುವುದಿಲ್ಲ. ಕರಾವಳಿಯ ಬ್ರಹ್ಮರಥದ ಹೆಚ್ಚಿನ ಅಗಲ ಇರುವುದು ಗಾಲಿಯ ಬಳಿಯಲ್ಲಲ್ಲ, ಮೇಲೆ ಪತಾಕೆ ಸುತ್ತಿದ ಗೋಳದಲ್ಲಿ. ಹಾಗಾಗಿ ನೆಲದಲ್ಲಿ ಬೇಕಾದಷ್ಟು ಜಾಗವಿದ್ದರೂ ಎರಡನೇ ಮಹಡಿಯ ಮಾಡಿನ (ಇಳಿಜಾರು ಸೂರಿನ) ಅಂಚು ತೇರಿಗೆ ತಾಗಬಹುದು. ಜಾತ್ರೆಯ ದಿನ ಲೇಸರ್ ಅಳತೆಗೋಲು ಹಿಡಿದು ಮೂರು ಎತ್ತರಗಳಲ್ಲಿ ತೇರಿನ ಅಗಲ ತೆಗೆದುಕೊಂಡೆವು: ಗಾಲಿ, ಪೀಠ, ಗೋಳ. ಗೋಳದ ಎರಡೂ ಬದಿಗೆ ಓಲಾಟಕ್ಕೆಂದು 600 ಮಿ.ಮೀ. ಸೇರಿಸಿದೆವು. ಆ ಗೆರೆಯೊಳಗೆ ಮಾಡು, ಬೋರ್ಡು, ದೀಪ, ನೀರಿನ ದಂಬೆ ಯಾವುದೂ ಬರಬಾರದು. ಇದರಿಂದಾಗಿ ಕೆಳಗಿನ ಜಗಲಿಯ ಮಾಡು 900 ಮಿ.ಮೀ. ಮುಂದೆ ಚಾಚಿತು, ಮೇಲಿನ ಮಾಡು 450ಕ್ಕೇ ನಿಂತಿತು. ಮುಂಭಾಗದ ಆಕಾರ ಬಂದದ್ದು ಹೀಗೆ. ಅದನ್ನು ನೋಡಿ ‘ಸಾಂಪ್ರದಾಯಿಕ ಶೈಲಿ’ ಎನ್ನುವವರು ಅನ್ನಲಿ.

ಹಗ್ಗ ಎಳೆಯುವವರು ಎಲ್ಲಿ ನಿಲ್ಲುತ್ತಾರೆ, ವಾದ್ಯದವರು ಎಲ್ಲಿ ತಿರುಗುತ್ತಾರೆ, ಹರಕೆಯ ಬಾಳೆಹಣ್ಣು ಎಸೆಯುವವರು ಯಾವ ಜಗಲಿ ಹತ್ತುತ್ತಾರೆ ಎಂಬುದನ್ನೂ ಅಂದೇ ಗುರುತಿಸಿಕೊಳ್ಳಬೇಕು. ಉಡುಪಿಯ ರಥಬೀದಿಯನ್ನು ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಲ್ಲಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊಸರು ಕುಡಿಕೆ ಕಟ್ಟುವ ಗುರ್ಜಿಗಳು, ಹುಲಿವೇಷದವರು, ಜನ, ತೇರು ಎಲ್ಲವೂ ಅದೇ ಬೀದಿಯಲ್ಲಿ. ಬೀದಿಯೇ ದೊಡ್ಡ ರಂಗಸ್ಥಳವಾಗಿರುವಾಗ ನಮ್ಮ ಕಟ್ಟಡ ಅದರ ಚೌಕಿಯಷ್ಟೇ, ವೇಷಧಾರಿಗಳ ಬಣ್ಣದ ಕೋಣೆಯಷ್ಟೇ.

ಎರಡನೆಯದು ನೆಲದ ಮಟ್ಟ. ಹಳೆಯ ಬೀದಿಗಳಲ್ಲಿ ಪ್ರತಿ ಸಲ ಡಾಂಬರು ಹಾಕುವಾಗಲೂ ಹಳೆಯ ಪದರ ಕೀಳದೆ ಮೇಲೆಯೇ ಹಾಕುತ್ತಾರೆ. ಜಗಲಿಯ ಬುಡದಲ್ಲಿ ಅರ್ಧ ಮೀಟರ್ ಗುಂಡಿ ತೋಡಿ ನೋಡಿದರೆ ಹೂತುಹೋದ ಮೆಟ್ಟಿಲುಗಳು ಸಿಗುತ್ತವೆ. ನಮ್ಮಲ್ಲಿ ಎರಡು ಸಿಕ್ಕವು. ಅಂದರೆ ರಸ್ತೆ ಸುಮಾರು ಒಂದಡಿ ಎದ್ದಿದೆ. ಪಕ್ಕದ ಮನೆಗಳಿಗೆ ಮಳೆನೀರು ನುಗ್ಗುವುದಕ್ಕೂ ಇದೇ ಕಾರಣ. ಬೀದಿಯ ಕೆಲಸ ನಮ್ಮದಲ್ಲದಿದ್ದರೂ ಹಳೆಯ ಪದರ ಕಿತ್ತೇ ಹೊಸದು ಹಾಕಬೇಕೆಂದು ಬರಹದಲ್ಲಿ ಒಪ್ಪಿಗೆ ಪಡೆಯುವುದು ಅಗತ್ಯ. ನಾವು ಜಗಲಿಯನ್ನು ರಸ್ತೆಯ ನಡುವಿನ ಎತ್ತರಕ್ಕಿಂತ 450 ಮಿ.ಮೀ. ಮೇಲಿಟ್ಟೆವು. ನೀರಿಗೂ ಅಷ್ಟು ಸಾಕು, ಕಾಲು ಇಳಿಬಿಟ್ಟು ಕೂರುವುದಕ್ಕೂ ಅದೇ ಸರಿಯಾದ ಎತ್ತರ.

450 ಏರಿದರೆ ಗಾಲಿಕುರ್ಚಿಗೆ 1:12ರ ಇಳಿಜಾರಿನಲ್ಲಿ 5.4 ಮೀ. ಉದ್ದದ ದಾರಿ ಬೇಕು. ಅದನ್ನು ಬೀದಿಗೆ ಚಾಚುವಂತಿಲ್ಲ, ತೇರಿನ ದಿನ ಅದೇ ಮೊದಲ ಎಡವುಗಲ್ಲು. ನಿವೇಶನದ ಬಲಕ್ಕೆ ಹಿತ್ತಿಲಿನ ಗಲ್ಲಿಯವರೆಗೆ 1.8 ಮೀ. ಅಗಲದ ಓಣಿ ಬಿಟ್ಟು, ಅದರ ಮುಂದಿನ ಭಾಗವನ್ನೇ ಪೂರ್ತಿ ಅಗಲಕ್ಕೆ ಇಳಿಜಾರು ಮಾಡಿದೆವು. ಬೆಂಕಿ ಬಿದ್ದರೆ ಸಭಾಂಗಣದಿಂದ ಜನ ಹೊರಬರುವುದೂ ಇದೇ ಓಣಿಗೆ. ಸಭೆ ಸೇರುವ ಕಟ್ಟಡಗಳಲ್ಲಿ ಹೊರಹೋಗುವ ಬಾಗಿಲು 2 ಮೀಟರಿಗಿಂತ ಕಿರಿದಾಗಬಾರದೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹಳೆಯ ಬೀದಿಯ ಮುಖಕ್ಕೆ ಅಂಥ ಬಾಗಿಲು ಹೊಂದುವುದಿಲ್ಲ. ಹಾಗಾಗಿ ದೊಡ್ಡ ಬಾಗಿಲುಗಳು ನಡುಅಂಗಳಕ್ಕೂ ಓಣಿಗೂ ತೆರೆದುಕೊಂಡವು. ಬಾಗಿಲ ರೆಕ್ಕೆ ಓಣಿಯ ದಾರಿಗೆ ಅಡ್ಡವಾಗದಂತೆ ಗೋಡೆಯ ಗೂಡಿನಲ್ಲಿ ಮಡಚಿಕೊಳ್ಳಬೇಕು. ಬೀದಿಯ ಕಡೆ ಒಂದೊಂದೇ ಹಲಗೆ ಕಳಚಿ ತೆರೆಯುವ ಹಲಗೆ ಬಾಗಿಲು ಹಾಗೆಯೇ ಉಳಿಯಿತು. ಆದರೆ ಹಲಗೆ ಬಾಗಿಲನ್ನು ತುರ್ತು ದಾರಿಯ ಲೆಕ್ಕಕ್ಕೆ ಸೇರಿಸಬೇಡಿ.

38 ಮೀಟರನ್ನು ಹಂಚಿದ್ದು ಹೀಗೆ: ಜಗಲಿ 2.4, ಎದುರು ಕೋಣೆ 5, ನಡುಅಂಗಳ 5, ಸಭಾಂಗಣ ಮತ್ತು ರಂಗ 17, ಚೌಕಿ 5, ಹಿತ್ತಿಲಿನಲ್ಲಿ ಶೌಚಾಲಯ ಮತ್ತು ಬಾವಿಗೆ 3.6. ಅಗಲದಲ್ಲಿ ಓಣಿ ಮತ್ತು ಮೂರು ಗೋಡೆಗಳ ದಪ್ಪ ಕಳೆದರೆ ಒಳಗೆ ಸಿಕ್ಕಿದ್ದು 8 ಮೀ. ರಂಗಸ್ಥಳಕ್ಕೆ 5 ಮೀ. ಆಳ, ಹಿಂದೆ ಹಿಮ್ಮೇಳದ (ಹಾಡುವ, ನುಡಿಸುವವರ) ಪೀಠಕ್ಕೆ 1.5. ನೆಲ ಸಪಾಟಾಗಿರುವುದರಿಂದ ರಂಗದ ಎತ್ತರ 750 ಮಿ.ಮೀ.

ಚೌಕಿಯ ವಿಷಯದಲ್ಲಿ ಹೆಚ್ಚಿನ ವಾಸ್ತುಶಿಲ್ಪಿಗಳು ತಪ್ಪುತ್ತಾರೆ. ನಾಟಕದ ಹಾಗೆ ಸಣ್ಣ ಸಣ್ಣ ಕೋಣೆ, ಮೇಜು, ಬಲ್ಬು ಸುತ್ತಿದ ಕನ್ನಡಿ ಬರೆಯುತ್ತಾರೆ. ವೇಷಧಾರಿಗಳು ಒಂದೇ ಕೋಣೆಯಲ್ಲಿ ಸಾಲಾಗಿ ನೆಲಕ್ಕೆ ಕೂತು ಬಣ್ಣ ಹಾಕುತ್ತಾರೆ, ಎದುರಿಗೆ ಪೆಟ್ಟಿಗೆ, ಒಂದು ತುದಿಯಲ್ಲಿ ಗಣಪತಿ ಪೂಜೆ. ಬೇಕಾದದ್ದು ತಡೆಯಿಲ್ಲದ ಉದ್ದ ಗೋಡೆ, ನೆಲದಿಂದ 300 ಮಿ.ಮೀ. ಎತ್ತರದಲ್ಲಿ ವಿದ್ಯುತ್ ಪ್ಲಗ್‌ಗಳು, ಬಣ್ಣ ತೊಳೆಯಲು ಆಳದ ಕಲ್ಲಿನ ತೊಟ್ಟಿ. ರಂಗಕ್ಕೆ ಹೋಗುವ ಬಾಗಿಲು 1.5 ಮೀ. ಅಗಲ, 2.7 ಮೀ. ಎತ್ತರ, ಹೊಸ್ತಿಲು ಇಲ್ಲ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಕಿರೀಟ ಸಾಮಾನ್ಯ ಬಾಗಿಲಲ್ಲಿ ನೇರವಾಗಿ ದಾಟುವುದಿಲ್ಲ.

ಇನ್ನು ಮಳೆ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಬಯಲಾಟ ನಿಲ್ಲುತ್ತದೆ. ತಾಳಮದ್ದಳೆಯ ಭರಾಟೆ ಶುರುವಾಗುವುದು ಆಮೇಲೆಯೇ. ಅಂದರೆ ಈ ಸಭಾಂಗಣ ಹೆಚ್ಚು ತುಂಬುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ 4000 ಮಿ.ಮೀ.ಗೂ ಮೀರಿದ ಮಳೆಯ ಬಹುಪಾಲು ಸುರಿಯುವ ತಿಂಗಳುಗಳಲ್ಲಿ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಪಿಸುಮಾತು ಕೊನೆಯ ಸಾಲಿಗೆ ಕೇಳಬೇಕು, ಮೇಲೆ ಮಳೆ ಹೊಡೆಯುತ್ತಿರಬೇಕು. ಇದೇ ಮಾಡಿನ ಪರೀಕ್ಷೆ. ತಗಡಿನ ಮೇಲೆ ಹಂಚು ಹೊದಿಸುವ ಈಗಿನ ರೂಢಿ ಇಲ್ಲಿ ಸೋಲುತ್ತದೆ. ಹಂಚು ಒಡೆದ ಕಡೆ ನೀರು ತಗಡಿಗೆ ಬಡಿದು ಚೆಂಡೆಯಾಗುತ್ತದೆ.

ನಾವು 8 ಮೀ. ಅಗಲಕ್ಕೆ ಉಕ್ಕಿನ ಕೊಳವೆಯ ಟ್ರಸ್‌ಗಳನ್ನು (ಮಾಡು ಹೊರುವ ತ್ರಿಕೋನ ಚೌಕಟ್ಟುಗಳನ್ನು) 2.4 ಮೀ.ಗೊಂದರಂತೆ ನಿಲ್ಲಿಸಿ, ಮೇಲೆ ಇಳಿಜಾರಿಗುಂಟ ಮರದ ಪಕ್ಕಾಸು, ಅದಕ್ಕೆ ಅಡ್ಡಲಾಗಿ 320 ಮಿ.ಮೀ. ಅಂತರಕ್ಕೆ ಹಂಚು ಕೂರುವ ರೀಪು, ಮಂಗಳೂರು ಹಂಚು ಹಾಕಿದೆವು. ಇಳಿಜಾರು 30 ಡಿಗ್ರಿ, ಅದಕ್ಕಿಂತ ಕಡಿಮೆಯಾದರೆ ಗಾಳಿಮಳೆಗೆ ನೀರು ಹಂಚಿನ ತೋಡು ಹತ್ತಿ ಒಳಗಿಳಿಯುತ್ತದೆ. ಚದರ ಮೀಟರಿಗೆ ಸುಮಾರು 15 ಹಂಚು. ಕೆಳಗೆ 18 ಮಿ.ಮೀ. ಮರದ ಮುಚ್ಚಿಗೆ (ಒಳಚಾವಣಿ), ನಡುವೆ ಗಾಳಿಯಾಡುವ ಸಂದು. ಹಳೆಯ ಹಂಚು ಬಳಸುವವರಿಗೆ ಒಂದು ಮಾತು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದರ ಹಂಚು ಇನ್ನೊಂದರ ತೋಡಿಗೆ ಕೂರುವುದಿಲ್ಲ. ಹಿಂಬದಿಯ ಮುದ್ರೆ ನೋಡಿ ಬೇರೆ ಬೇರೆ ರಾಶಿ ಹಾಕಿ, ಒಂದು ಇಳಿಜಾರಿಗೆ ಒಂದೇ ಮುದ್ರೆ. ಬೆರಳಲ್ಲಿ ಬಡಿದಾಗ ಕಂಚಿನಂತೆ ನಾದ ಬರದಿದ್ದರೆ ಒಳಗೆ ಬಿರುಕಿದೆ ಎಂದು ತಿಳಿದು ಪಕ್ಕಕ್ಕಿಡಿ.

ನೀರಿನ ಲೆಕ್ಕ ಸರಳ. 300 ಚದರ ಮೀಟರ್ ಮಾಡಿಗೆ ಗಂಟೆಗೆ 100 ಮಿ.ಮೀ. ಮಳೆ ಬಿದ್ದರೆ 30,000 ಲೀಟರ್, ಸೆಕೆಂಡಿಗೆ 8ಕ್ಕಿಂತ ತುಸು ಹೆಚ್ಚು. ಇದನ್ನು ಒಂದು ಪಿವಿಸಿ ಕೊಳವೆಗೆ ಕಟ್ಟಿದರೆ ಅಂಗಳ ಕೆರೆಯಾಗುತ್ತದೆ. ಎರಡು ಮಾಡು ಕೂಡುವ ಕಡೆ 300 ಮಿ.ಮೀ. ಅಗಲ, 200 ಆಳದ ದೋಣಿ (ನೀರು ಹರಿಯುವ ತೊಟ್ಟಿ) ಇಟ್ಟು, ಅದು ಕಟ್ಟಿದಾಗ ನೀರು ಕಣ್ಣಿಗೆ ಕಾಣುವಂತೆ ಅಂಗಳಕ್ಕೆ ಬೀಳುವ ಹೆಚ್ಚುವರಿ ಬಾಯಿ ಕೊಟ್ಟೆವು. ಕಾಣದ ಕಡೆ ಉಕ್ಕಿದ ನೀರು ಗೋಡೆಯೊಳಗೇ ಇಳಿಯುತ್ತದೆ.

ಒಳಗಿನ ಧ್ವನಿಗೆ, ಸದ್ದು ಎಷ್ಟು ಹೊತ್ತು ಮೊಳಗುತ್ತದೆ ಎಂದು ಲೆಕ್ಕ ಹಾಕುವ ಸಬೈನ್ ಸೂತ್ರವೇ ಸಾಕು. ಸಭಾಂಗಣದ ಗಾತ್ರ 650 ಘನ ಮೀಟರ್, ಮಾತೇ ಮುಖ್ಯವಾದ್ದರಿಂದ ಅನುರಣನ (ಸದ್ದು ಅಡಗಲು ಹಿಡಿಯುವ ಕಾಲ) 0.9 ಸೆಕೆಂಡ್ ಇರಲೆಂದು ಹಿಡಿದರೆ ಬೇಕಾದ ಒಟ್ಟು ಸದ್ದಿನ ಹೀರಿಕೆ 116 ಚದರ ಮೀಟರ್. ತುಂಬಿದ 120 ಜನರಿಂದ 54 ಸಿಗುತ್ತದೆ. ಉಳಿದ 62ನ್ನು ಕಟ್ಟಡವೇ ಕೊಡಬೇಕು: ಮುಚ್ಚಿಗೆಯ ಕೆಳಗೆ 80 ಚದರ ಮೀಟರ್ ತೆಂಗಿನ ನಾರಿನ 50 ಮಿ.ಮೀ. ಹಲಗೆ, ಹಿಂದಿನ ಗೋಡೆಗೆ ದಪ್ಪ ಪರದೆ. ಜನ ಇಲ್ಲದಾಗ ಅನುರಣನ 1.7 ಸೆಕೆಂಡಿಗೆ ಏರುತ್ತದೆ, ಏಕೆಂದರೆ ಪ್ಲಾಸ್ಟಿಕ್ ಕುರ್ಚಿ ಏನನ್ನೂ ಹೀರುವುದಿಲ್ಲ. ಖಾಲಿ ಸಭಾಂಗಣದಲ್ಲಿ ಮೈಕು ಪರೀಕ್ಷಿಸಿ ‘ಮೊಳಗುತ್ತದೆ’ ಎಂದು ದೂರುವವರಿಗೆ ಇದೇ ಉತ್ತರ.

ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಸುಣ್ಣದ ಗಾರೆ ಮಾತ್ರ. ಸಿಮೆಂಟ್ ಗಿಲಾವು ಹಾಕಿದರೆ ಕಲ್ಲು ಹೀರಿದ ನೀರು ಹೊರಬರಲು ದಾರಿ ಸಿಗದೆ ಎರಡನೇ ಮಳೆಗೇ ಬುಡದಿಂದ ಉಪ್ಪು ಬಿಡುತ್ತದೆ, ಪ್ಲಾಸ್ಟಿಕ್ ಬಣ್ಣ ಬೊಬ್ಬೆ ಏಳುತ್ತದೆ. ಹೊಸದಾಗಿ ಕಡಿದ ಕಲ್ಲು ಮೆದು, ಗಾಳಿಬಿಸಿಲಿಗೆ ಬಿಟ್ಟು ಗಟ್ಟಿಯಾದ ಮೇಲೆ ತನ್ನಿ. ಸುಣ್ಣ ಕನಿಷ್ಠ ಎರಡು ವಾರ ನೀರಲ್ಲಿ ನೆನೆಯಬೇಕು. ಮೊದಲ ಪದರ 12 ಮಿ.ಮೀ., ಮೇಲಿನದು 8, ಒದ್ದೆ ಗೋಣಿ ಮುಚ್ಚಿ ಹತ್ತು ದಿನ. ಬೇಗ ಗಟ್ಟಿಯಾಗಲೆಂದು ಮೇಸ್ತ್ರಿ ಒಂದು ಬುಟ್ಟಿ ಸಿಮೆಂಟ್ ಸೇರಿಸುತ್ತಾನೆ. ಅದೊಂದನ್ನು ಕಾಯಲೇಬೇಕು. ಸುಣ್ಣದ ಕೆಲಸ ನವೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಯದಿದ್ದರೆ ಮುಂದಿನ ವರ್ಷಕ್ಕೆ ಬಿಡುವುದು ಲೇಸು.

ಪಕ್ಕದ ಮನೆಗಳ ಗೋಡೆಗೆ ನಾವು ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಟ್ರಸ್‌ಗಳ ಭಾರ ನಮ್ಮದೇ ಕಂಬಗಳ ಮೇಲೆ, ಹಳೆಯ ಗೋಡೆಗೂ ನಮ್ಮದಕ್ಕೂ ನಡುವೆ 50 ಮಿ.ಮೀ. ಸಂದು, ಮೇಲೆ ತಗಡಿನ ಟೋಪಿ. ಆ ಸಂದು ಚೆಂಡೆಯ ಸದ್ದನ್ನೂ ತಡೆಯುತ್ತದೆ, ಗಾರೆ ಬಿದ್ದು ಕಟ್ಟಿಕೊಳ್ಳದಿದ್ದರೆ ಮಾತ್ರ. ಹಳೆಯ ಗೋಡೆಗಳ ಪಾಯ ಆಳವಿರುವುದಿಲ್ಲ. ಉದ್ದಕ್ಕೂ ಒಂದೇ ಸಲ ಅಗೆಯದೆ 1.2 ಮೀ. ಉದ್ದದ ಗುಂಡಿ, ನಡುವೆ ಎರಡು ಗುಂಡಿಯಷ್ಟು ನೆಲ ಬಿಟ್ಟು ಮತ್ತೊಂದು ಗುಂಡಿ, ಹೀಗೆ ಮೂರು ಸುತ್ತಿನಲ್ಲಿ ಪಾಯ ಹಾಕಿದೆವು. ಶುರುಮಾಡುವ ಮೊದಲೇ ನೆರೆಮನೆಯ ಬಿರುಕುಗಳ ಫೋಟೋ ತೆಗೆದು, ದಿನಾಂಕ ಹಾಕಿ, ಮನೆಯವರ ಸಹಿ ಪಡೆಯಿರಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ಅದಕ್ಕೂ ಮುಂಚೆ ದೂರ ಅಳೆಯಬೇಕು: 100 ಮೀ. ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಮತ್ತೆ 200 ಮೀ. ಅನುಮತಿ ಬೇಕಾದ ವಲಯ.

ಬೀದಿಯ ಹಾಸಿಗೆ ನಾವು 100 ಮಿ.ಮೀ. ದಪ್ಪದ, ಚಾಣದಿಂದ ಹೊಡೆದ ಗ್ರಾನೈಟ್ ಸೂಚಿಸಿದೆವು, ಅಡಿಯಲ್ಲಿ 150 ಮಿ.ಮೀ. ಕಾಂಕ್ರೀಟ್. 60 ಮಿ.ಮೀ. ಸಿಮೆಂಟ್ ಬ್ಲಾಕು ನೇರ ದಾರಿಯಲ್ಲಿ ಉಳಿದರೂ ತೇರು ತಿರುಗುವ ಮೂಲೆಯಲ್ಲಿ ಸನ್ನೆಗೋಲು ಒತ್ತಿದಾಗ ಕಿತ್ತುಬರುತ್ತದೆ. ಗಾಲಿಯ ಜಾಡನ್ನು ಸುಣ್ಣದಲ್ಲಿ ಎಳೆದು ಆ ಪಟ್ಟಿಯಲ್ಲಿ ಚರಂಡಿಯ ಮುಚ್ಚಳ ಬರದಂತೆ ನೋಡಿಕೊಂಡೆವು. ನಯಗೊಳಿಸಿದ ಕಲ್ಲು ಬೇಡ, ಆಷಾಢದ ಪಾಚಿಗೆ ಬರಿಗಾಲಿನವರು ಜಾರುತ್ತಾರೆ.

ಚಪ್ಪರದ ಗೂಟಗಳು ವರ್ಷ ವರ್ಷವೂ ಹಾಸುಗಲ್ಲು ಒಡೆಯುತ್ತವೆ. ಇದಕ್ಕೆ ಜಗಲಿಯ ಮುಂದೆ 3 ಮೀ.ಗೊಂದರಂತೆ 75 ಮಿ.ಮೀ. ಕೊಳವೆಯನ್ನು 600 ಆಳಕ್ಕೆ ಹೂತು, ತಳದಲ್ಲಿ ಜಲ್ಲಿ ತುಂಬಿ, ಮೇಲೆ ಕಲ್ಲಿನ ಬಿರಡೆ ಕೊಟ್ಟೆವು. ಇಡೀ ಕೆಲಸದಲ್ಲಿ ಅತಿ ಅಗ್ಗದ ವಸ್ತು ಇದೇ, ಊರಿನವರು ಹೆಚ್ಚು ಮೆಚ್ಚಿದ್ದೂ ಇದನ್ನೇ.

ಮೊದಲ ಮಳೆಗಾಲ ಮುಗಿದಾಗ ತಪ್ಪುಗಳ ಪಟ್ಟಿಯಲ್ಲಿದ್ದವು ಮೂರು. ಒದ್ದೆ ಕೊಡೆಗಳಿಗೆ ಜಾಗವೇ ಬರೆದಿರಲಿಲ್ಲ. ಎದುರು ಕೋಣೆಯ ಗೋಡೆಗುಂಟ ನೀರು ಹರಿಯುವ ಕಲ್ಲಿನ ತೋಡು, ಮೇಲೊಂದು ಕಂಬಿ ಹಾಕಿ ಸರಿಪಡಿಸಿದ್ದಾಯಿತು. 120 ಜೊತೆ ಚಪ್ಪಲಿ ಓಣಿಯ ಇಳಿಜಾರಿನಲ್ಲಿ ರಾಶಿಬಿದ್ದು ಗಾಲಿಕುರ್ಚಿಯ ದಾರಿ ಮುಚ್ಚುತ್ತಿತ್ತು. ಜಗಲಿಯ ಅಡಿ ಟೊಳ್ಳಾಗಿದ್ದ ಕಡೆ ಬೀದಿಗೆ ತೆರೆದ ಗೂಡುಗಳನ್ನು ಕೊರೆದೆವು. ಮೂರನೆಯದು ಆ 50 ಮಿ.ಮೀ. ಸಂದು. ಎಡಪಕ್ಕದ ಮನೆಯ ಪಡಸಾಲೆಗೆ ಚೆಂಡೆ ಕೇಳುತ್ತಿತ್ತು. ತಗಡಿನ ಟೋಪಿ ಬಿಚ್ಚಿ ನೋಡಿದರೆ ಒಂದು ಕಡೆ ಆಳೆತ್ತರಕ್ಕೆ ಗಾರೆ ತುಂಬಿತ್ತು. ಉದ್ದ ಸಲಾಕೆಯಲ್ಲಿ ಅದನ್ನು ಕುಟ್ಟಿ ಬೀಳಿಸಿ ಬುಡದಿಂದ ತೆಗೆಯಲು ಇಬ್ಬರಿಗೆ ನಾಲ್ಕು ದಿನ ಹಿಡಿಯಿತು.