ನಮ್ಮ ಮನೆ ಎರಡಾದಾಗ ಹಾಕಿದ ಲೆಕ್ಕ

ಹೋದ ವರ್ಷ ನಮ್ಮ ಮನೆ ಎರಡಾಯಿತು. ಜಗಳ ಏನಿಲ್ಲ. ಮಕ್ಕಳು ದೊಡ್ಡವರಾದರು, ದಾವಣಗೆರೆ ನಿಟುವಳ್ಳಿಯ ಹಳೇ ಮನೆ ಎಂಟು ಜನಕ್ಕೆ ಸಾಲದಾಯಿತು. ತಮ್ಮ ಶಾಮನೂರು ಕಡೆ ಸೈಟ್ ತಗೊಂಡು ಮನೆ ಕಟ್ಟಿಸಿದ. ಈಗ ಅಲ್ಲಿ ನಾಲ್ಕು ಜನ, ಇಲ್ಲಿ ಅಮ್ಮನೂ ಸೇರಿ ನಾಲ್ಕು ಜನ.

ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವವನು ನಾನು. ಆದಾಯ ಏರಿದಂತೆ ಮಾಲಿನ್ಯ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ ಅಂತ ಬೋರ್ಡಿನ ಮೇಲೆ ಗುಡ್ಡದಂಥ ಗೆರೆ ಎಳೆಯುತ್ತೇನೆ. ಆ ಗೆರೆಗೆ ಅರ್ಥಶಾಸ್ತ್ರಜ್ಞ ಕುಜ್ನೆಟ್ಸ್ ಹೆಸರಿದೆ, ಆದರೆ ಅವರು 1955ರಲ್ಲಿ ಮಾತಾಡಿದ್ದು ಆದಾಯದ ಅಸಮಾನತೆ ಬಗ್ಗೆ. ಅದನ್ನು ಪರಿಸರಕ್ಕೆ ಹೊಂದಿಸಿದ್ದು 1990ರ ನಂತರದವರು. ನಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೋಗುತ್ತದೆ ಅಂತ ಲೆಕ್ಕ ಹಾಕಿ, ಆ ಗೆರೆ ನಮಗೆ ಹೊಂದುತ್ತದಾ ಅಂತ ನೋಡುವ ಆಸೆ ಆಯಿತು.

ಮೊದಲ ತಪ್ಪು ಕರೆಂಟಿನಲ್ಲೇ ಆಯಿತು. ಖರ್ಚಿನ ಪುಸ್ತಕ ತೆಗೆದರೆ ಕರೆಂಟ್ ಸೊನ್ನೆ! ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಆಗಿದ್ದು ರೂಪಾಯಿ, ಯೂನಿಟ್ ಅಲ್ಲ ಅಲ್ವಾ? ಹಳೇ ಬಿಲ್ಲುಗಳನ್ನೆಲ್ಲ ಹುಡುಕಿ ಯೂನಿಟ್ ಕೂಡಿದೆ. ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್, 14.2 ಕೆಜಿ ಸಿಲಿಂಡರ್‌ಗೆ 42 ಕೆಜಿ, ಲೀಟರ್ ಪೆಟ್ರೋಲಿಗೆ 2.3 ಕೆಜಿ ಅಂತ ಹಿಡಿದೆ.

ಕೂಡಿದ್ದಾಗ ವರ್ಷಕ್ಕೆ 14 ಸಿಲಿಂಡರ್, 1,800 ಯೂನಿಟ್, 240 ಲೀಟರ್ ಪೆಟ್ರೋಲ್. ಎಲ್ಲಾ ಸೇರಿ 2,400 ಕೆಜಿ, ಅಂದರೆ ತಲೆಗೆ 300. ಬೇರೆಯಾದ ಮೇಲೆ ಎರಡೂ ಮನೆಯದು ಸೇರಿಸಿದರೆ 18 ಸಿಲಿಂಡರ್, 2,400 ಯೂನಿಟ್. ಅಮ್ಮನನ್ನು ನೋಡಲು ತಮ್ಮ ಬಂದು ಹೋಗುವ ಪೆಟ್ರೋಲ್ ಬೇರೆ. ಒಟ್ಟು 3,100 ಕೆಜಿ ಹತ್ತಿರ. ಆ ವರ್ಷ ನಮ್ಮಿಬ್ಬರ ಸಂಬಳ ಒಂದು ಪೈಸೆ ಏರಿರಲಿಲ್ಲ. ಜನ ಅಷ್ಟೇ. ಒಂದು ಫ್ರಿಜ್ ಇದ್ದಲ್ಲಿ ಎರಡಾಯಿತು, ಒಂದು ಒಲೆ ಎರಡಾಯಿತು. ನನ್ನ ಗುಡ್ಡದ ಗೆರೆಯ ಅಡಿಯಲ್ಲಿ ಬರೆಯುವುದು ಆದಾಯ ಒಂದನ್ನೇ. ಒಂದೊಂದು ಮನೆಯಲ್ಲಿ ಎಷ್ಟು ಜನ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಅಮ್ಮನಿಗೆ ಓದಿ ಹೇಳಿದೆ. ಸೌದೆ ಒಲೆಯ ಕಾಲಕ್ಕೆ ಎಷ್ಟು ಬರೆದಿದ್ದೀಯ ಅಂದರು. ಕಡಿದ ಗಿಡ ಮತ್ತೆ ಬೆಳೆದರೆ ಸೌದೆಯ ಇಂಗಾಲ ಸೊನ್ನೆ ಅಂತ ಹಿಡಿಯುತ್ತಾರಮ್ಮ ಅಂದೆ. "ಊದುಗೊಳವೆ ಹಿಡಿದು ಕಣ್ಣು ಕೆಡಿಸಿಕೊಂಡಿದ್ದು ನಾನು. ಸೊನ್ನೆಯಂತೆ ಸೊನ್ನೆ!" ಅಂದು ಎದ್ದು ಹೋದರು. ಅಮ್ಮನ ಮಾತು ಸರಿ. ಗ್ಯಾಸ್ ಬಂದಾಗ ಅಡುಗೆಮನೆಯ ಹೊಗೆ ಹೋಯಿತು, ಪುಸ್ತಕದ ಲೆಕ್ಕ ಮಾತ್ರ ಏರಿತು. ಅದನ್ನು ಕೆಟ್ಟದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೂ ಒಂದು ಕೊರೀತಾ ಇತ್ತು. ನಮ್ಮ ದೇಶದ ಲೆಕ್ಕ ವರ್ಷಕ್ಕೆ ತಲೆಗೆ ಸುಮಾರು 2 ಟನ್, ಚೀನಾದ್ದು 8 ಟನ್ನಿಗೂ ಜಾಸ್ತಿ. ನಮ್ಮದು 400 ಕೆಜಿಯೂ ಇಲ್ಲ. ಉಳಿದದ್ದು ಎಲ್ಲಿ ಹೋಯಿತು?

ತಮ್ಮನ ಹೊಸ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಹೊಳೆಯಿತು. ಅವನು ಹಾಕಿಸಿದ್ದು 500 ಮೂಟೆ ಸಿಮೆಂಟ್. ಒಂದು ಮೂಟೆ ತಯಾರಾಗುವಾಗ 30 ಕೆಜಿ ಇಂಗಾಲದ ಡೈಆಕ್ಸೈಡ್ ಅಂದರೂ 15 ಟನ್! ಕೂಡಿದ್ದ ಮನೆಯ ಆರು ವರ್ಷದ ಗ್ಯಾಸ್, ಕರೆಂಟ್, ಪೆಟ್ರೋಲ್ ಎಲ್ಲಾ ಸೇರಿದರೂ ಅಷ್ಟೇ. ಕಾರ್ಖಾನೆಯವರು ಕಲ್ಲಿದ್ದಲು ಬಿಟ್ಟರೂ ಇದು ಪೂರ್ತಿ ನಿಲ್ಲುವುದಿಲ್ಲ. ಸುಣ್ಣದ ಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಇಂಗಾಲ ಬರುತ್ತದೆ, ಅರ್ಧಕ್ಕಿಂತ ಜಾಸ್ತಿ ಅದೇ. ಕರೆಂಟಿನ ಮಾತು ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಂಥವು ಹೆಚ್ಚಾದಷ್ಟೂ ನನ್ನ 0.7 ತಾನಾಗಿ ಇಳಿಯುತ್ತದೆ.

ಇಟ್ಟಿಗೆ, ಕಬ್ಬಿಣ ಇನ್ನೂ ಸೇರಿಸಿಲ್ಲ. ಕಬ್ಬಿಣದ ಬಿಲ್ ಎಲ್ಲಿಟ್ಟೆನೋ ಅಂತ ತಮ್ಮ ಹುಡುಕುತ್ತಿದ್ದಾನೆ.