ಇಟ್ಟಿಗೆ ಮನೆಗೆ ಬಣ್ಣ ಬೇಕಾ? ಒಂದು ಗೋಡೆ ಕೆಡಿಸಿಕೊಂಡು ಕಲಿತದ್ದು

ನನ್ನ ಕಸುಬೇ ಬಣ್ಣ ಹೊಡೆಯೋದು. 22 ವರ್ಷ ಆಯಿತು. ಆದರೂ ನನ್ನ ಸ್ವಂತ ಮನೆಯ ನಾಲ್ಕು ಹೊರಗೋಡೆಗಳಲ್ಲಿ ಮೂರಕ್ಕೆ ಒಂದು ಹನಿ ಬಣ್ಣವೂ ಇಲ್ಲ. ನಾಲ್ಕನೆಯದಕ್ಕೆ ಬರೀ ಸುಣ್ಣ. "ಸುಣ್ಣವಾ? ಮೊದಲ ಮಳೆಗೇ ಹಾಲಿನ ಹಾಗೆ ಇಳಿದುಹೋಗುತ್ತೆ, ನೋಡ್ತಿರು" ಅಂತ ಜೊತೆಯವರು ನಕ್ಕಿದ್ದರು. ಐದು ಮಳೆಗಾಲ ಕಳೆದಿದೆ. ಸುಣ್ಣ ಇನ್ನೂ ಗೋಡೆ ಮೇಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಡಿಸಿಕೊಂಡ ಕಥೆ ಹೇಳಿಬಿಡುತ್ತೇನೆ. ಹಳೇ ಮನೆ, ಗಿಲಾವು ಇಲ್ಲದ ಇಟ್ಟಿಗೆ. ಪಶ್ಚಿಮದ ಗೋಡೆ ಕಲೆಕಲೆಯಾಗಿ ಕಾಣುತ್ತಿತ್ತು. ಗಿರಾಕಿಗಳಿಗೆ ಮಾಡೋದನ್ನೇ ಮಾಡಿದೆ. ಪ್ರೆಶರ್ ವಾಷರ್‌ನಲ್ಲಿ ತೊಳೆದು, ಎರಡು ದಿನ ಒಣಗಲು ಬಿಟ್ಟು, ಪ್ರೈಮರ್ ಮೇಲೆ ಎರಡು ಕೋಟ್ ಅಕ್ರಿಲಿಕ್ ಎಮಲ್ಷನ್, ಅಂದರೆ ಒಣಗಿದ ಮೇಲೆ ಪ್ಲಾಸ್ಟಿಕ್‌ನಂಥ ಪೊರೆ ಕಟ್ಟೋ ಬಣ್ಣ. ಸುಮಾರು 450 ಚದರ ಅಡಿ. ಚೆನ್ನಾಗೇ ಕಾಣುತ್ತಿತ್ತು.

ಎಂಟು ತಿಂಗಳಿಗೆ ಕಿಟಕಿಯ ಕೆಳಗೆ ಅಂಗೈಯಷ್ಟು ಗುಳ್ಳೆ ಎದ್ದಿತು. ಮೊಳೆಯಿಂದ ಚುಚ್ಚಿದೆ. ನೀರು ಬರಲಿಲ್ಲ, ಹತ್ತಿಯಂಥ ಬಿಳಿ ಉಪ್ಪು ಉದುರಿತು. ಎರಡನೇ ವರ್ಷ ಬಣ್ಣದ ಚಕ್ಕೆ ಎಳೆದರೆ ಅದರ ಬೆನ್ನಿಗೆ ಇಟ್ಟಿಗೆಯ ಮೇಲ್ಮೈಯೂ ಮೂರು ನಾಲ್ಕು ಮಿಲಿಮೀಟರ್ ಕಿತ್ತುಬಂತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬಣ್ಣದ ತಪ್ಪಲ್ಲ, ನನ್ನದೇ. ಗೋಡೆ ಉಸಿರಾಡಬೇಕು ಅಂತ ನಾವೆಲ್ಲ ಹೇಳುತ್ತೇವೆ. ಹೇಳಿ ಮುಗಿಸಿ ಅಕ್ರಿಲಿಕ್ ಡಬ್ಬದ ಮುಚ್ಚಳ ತೆಗೆಯುತ್ತೇವೆ! ವಾಷರ್‌ನಿಂದ ನೀರನ್ನು ಒಳಕ್ಕೆ ನಾನೇ ನುಗ್ಗಿಸಿದ್ದೆ. ಎರಡು ದಿನಕ್ಕೆ ಅದು ಒಣಗೋದು ಎಲ್ಲಿ ಬಂತು? ಜೊತೆಗೆ ಹಿಂದೆ ಯಾರೋ ಹಳೇ ಸುಣ್ಣದ ಸಂದುಗಳ ಮೇಲೆ ಸಿಮೆಂಟ್ ಪಾಯಿಂಟಿಂಗ್ ಮಾಡಿದ್ದರು, ಅಂದರೆ ಸಂದಿನ ಬಾಯಿಗೆ ಸಿಮೆಂಟ್ ತುಂಬಿದ್ದರು. ಇಟ್ಟಿಗೆ ಮೆತ್ತಗೆ, ಸಂದು ಗಟ್ಟಿ. ಒಳಗಿನ ತೇವಕ್ಕೆ ಹೊರಬರಲು ಇಟ್ಟಿಗೆಯ ಮುಖ ಒಂದೇ ದಾರಿ. ಅದನ್ನೂ ನಾನು ಮುಚ್ಚಿದೆ. ತೇವದ ಜೊತೆ ಬಂದ ಉಪ್ಪು ಬಣ್ಣದ ಹಿಂದೆಯೇ ಗಟ್ಟಿಯಾಗಿ ಇಟ್ಟಿಗೆಯನ್ನು ಸಿಡಿಸಿತು.

ಈಗ ದುಡ್ಡಿನ ಮಾತು. ಆ ಎರಡು ಕೋಟ್ ಬಣ್ಣದ ಖರ್ಚು ನೂರು ಅಂತ ಇಟ್ಟುಕೊಳ್ಳಿ. ಅದನ್ನು ತೆಗೆಸಲು 260 ಆಯಿತು. ಸಂದು ಕೆರೆದು ಸುಣ್ಣದ ಗಾರೆ ತುಂಬಿ, ಹಾಳಾದ ಅರವತ್ತು ಚಿಲ್ಲರೆ ಇಟ್ಟಿಗೆ ಬದಲಿಸಲು ಹತ್ತಿರ ಹತ್ತಿರ 150. ಕೊನೆಗೆ ಸುಣ್ಣ ಬಳಿದದ್ದಕ್ಕೆ, ಕೂಲಿ ಸೇರಿ, 70. ನೂರು ಕೊಟ್ಟು ಕೆಡಿಸಿದ್ದನ್ನು ಸರಿಮಾಡಲು ಐನೂರರ ಹತ್ತಿರ ಹೋಯಿತು. ಸಾರುವೆ ಬಾಡಿಗೆ ಬೇರೆ, ಅದನ್ನು ಲೆಕ್ಕ ಇಡೋ ಧೈರ್ಯ ಆಗಲಿಲ್ಲ.

ತೆಗೆಸಲು ಮೊದಲು ಸ್ಯಾಂಡ್‌ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಕೆರೆಯೋದು, ಯೋಚಿಸಿದ್ದೆ. ಒಂದು ಚದರ ಅಡಿಯಲ್ಲಿ ಮಾಡಿಸಿ ನೋಡಿದೆ. ಬಣ್ಣದ ಜೊತೆ ಸುಟ್ಟ ಗಟ್ಟಿ ಪೊರೆಯೂ ಹೋಗಿ, ಒಳಗಿನ ಪುಡಿ ಇಟ್ಟಿಗೆ ಹೊರಬಂತು. ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಪೇಸ್ಟ್ ರೀತಿಯ ರಿಮೂವರ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಕೆರೆಯೋದು. ಎರಡು ಸುತ್ತು. ಇಬ್ಬರಿಗೆ ಹನ್ನೊಂದು ದಿನ ಹಿಡಿಯಿತು.

ಈ ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಕಿತ್ತ ಇಟ್ಟಿಗೆಗಳಲ್ಲಿ ಚೆನ್ನಾಗಿದ್ದ ನಾಲ್ಕನ್ನು ಆರಿಸಿದೆ. ಒಂದು ಬರಿದು, ಉಳಿದವಕ್ಕೆ ಅಕ್ರಿಲಿಕ್, ಸುಣ್ಣ, ಖನಿಜದ ಅಂಟಿನಿಂದ ಮಾಡೋ ಸಿಲಿಕೇಟ್ ಬಣ್ಣ. ತಳ ಮಾತ್ರ ಬಿಟ್ಟು ಐದು ಮುಖಕ್ಕೂ ಹಚ್ಚಿದೆ. ಒಂದು ತಿಂಗಳ ನಂತರ ತಳ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ಆಮೇಲೆ ತಳಕ್ಕೆ ಪ್ಲಾಸ್ಟಿಕ್ ಕಟ್ಟಿ ದಿನಾ ತೂಗಿದೆ. ಅಡುಗೆಮನೆಯ ತಕ್ಕಡಿ ಅದಕ್ಕೇ ಹಾಳಾಯಿತು ಅಂತ ಹೆಂಡತಿ ಈಗಲೂ ಹೇಳುತ್ತಾಳೆ. ಒಂದೊಂದೂ ಒಣಗಿದ್ದಾಗ 2.8 ಕೆಜಿ ಆಸುಪಾಸು, ನೀರು ಕುಡಿದ ಮೇಲೆ 400 ಗ್ರಾಂ ಜಾಸ್ತಿ. ವಾರದಲ್ಲಿ ಬರಿದು ಇಟ್ಟಿಗೆ ಹೆಚ್ಚೂಕಡಿಮೆ ಪೂರ್ತಿ ಒಣಗಿತು. ಸುಣ್ಣ, ಸಿಲಿಕೇಟ್ ಎರಡೂ ಅದರ ಹಿಂದೆಯೇ ಇದ್ದವು. ಅಕ್ರಿಲಿಕ್ ಇಟ್ಟಿಗೆ 150 ಗ್ರಾಂ ಕೂಡ ಬಿಟ್ಟುಕೊಡಲಿಲ್ಲ. ಮತ್ತೆ ಉಪ್ಪುನೀರಿನಲ್ಲಿ ನಿಲ್ಲಿಸಿದೆ. ಮೂರು ವಾರಕ್ಕೆ ಅಕ್ರಿಲಿಕ್ ಇಟ್ಟಿಗೆಯ ಮೂಲೆ ಸಿಡಿಯಿತು.

ಸಿಲಿಕೇಟ್ ಯಾಕೆ ಬಿಟ್ಟೆ ಅಂತ ಕೇಳಬಹುದು. ಒಳ್ಳೇ ಬಣ್ಣ, ಹೊಸದೇನೂ ಅಲ್ಲ. ಜರ್ಮನಿಯ ಕೈಮ್ ಅನ್ನೋನು ಇದಕ್ಕೆ 1878ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ದುಬಾರಿ. ಅದಕ್ಕಿಂತ ಮುಖ್ಯ, ಅದು ಇಟ್ಟಿಗೆಯೊಂದಿಗೇ ಬೆಸೆದುಕೊಳ್ಳುತ್ತೆ. ಮನಸ್ಸು ಬದಲಾದರೆ ತೆಗೆಯೋ ಹಾಗಿಲ್ಲ. ಒಮ್ಮೆ ಪೆಟ್ಟು ತಿಂದವನಿಗೆ ಅದು ಬೇಡ ಅನಿಸಿತು.

ಸುಣ್ಣವೂ ಮೊದಲ ಸಲಕ್ಕೆ ಒಲಿಯಲಿಲ್ಲ. ಎಮಲ್ಷನ್ ಅಭ್ಯಾಸದ ಕೈ, ದಪ್ಪಗೆ ಬಳಿದೆ. ಅದೂ ಬಿಸಿಲಲ್ಲಿ. ಮುಟ್ಟಿದರೆ ಅಂಗೈಯೆಲ್ಲ ಬಿಳಿ. ಎರಡನೇ ಸಲ ಹಳೇ ಬಣ್ಣ ಉಳಿದಿದ್ದ ಕಡೆಯೆಲ್ಲ ಸಿಪ್ಪೆಯ ಹಾಗೆ ಎದ್ದುಬಂತು. ಕೆಂಪು ಆಕ್ಸೈಡ್ ಹಾಕಿ ಇಟ್ಟಿಗೆ ಬಣ್ಣ ತರೋಣ ಅಂತಲೂ ಹೋದೆ. ಹಸಿಯಲ್ಲಿ ಭರ್ಜರಿ, ಒಣಗಿದರೆ ಗುಲಾಬಿ. ಸಿಟ್ಟಿನಲ್ಲಿ ಇನ್ನಷ್ಟು ಸುರಿದೆ. ಸುಣ್ಣದ ತೂಕದ ಹತ್ತನೇ ಒಂದು ಭಾಗ ದಾಟಿದ ಮೇಲೆ ಅದು ಗೋಡೆಗೆ ಹಿಡಿಯಲೇ ಇಲ್ಲ.

ಕೊನೆಗೆ ಹಿಡಿದದ್ದು ಹೀಗೆ. ಅರಳಿಸಿ ಮೂರು ತಿಂಗಳು ನೀರಿನಡಿ ಇಟ್ಟ ಸುಣ್ಣ. ಹಾಲಿನಷ್ಟು ತೆಳು. ಸಂಜೆ ಹೊತ್ತು, ಗೋಡೆ ನೆನೆಸಿ, ದಿನಕ್ಕೊಂದೇ ಕೋಟ್, ಒಟ್ಟು ಐದು. ಹಚ್ಚಿದಾಗ ಏನೂ ಕಾಣಲ್ಲ, ಅದಕ್ಕೇ ಎಲ್ಲರೂ ದಪ್ಪ ಮಾಡಿ ಕೆಡಿಸೋದು. ಹಗಲು ಒದ್ದೆ ಗೋಣಿ ಇಳಿಬಿಟ್ಟಿದ್ದೆ. ಬೇಗ ಒಣಗಿದರೆ ಅದು ಬರೀ ಪುಡಿ, ಗಾಳಿ ಕುಡಿದು ಕಲ್ಲಾಗಲು ಅದಕ್ಕೆ ತೇವ ಬೇಕು. ಕನ್ನಡಕ ಮಾತ್ರ ಮರೆಯಬೇಡಿ, ಕಣ್ಣಿಗೆ ಹಾರಿದರೆ ಆಟವಲ್ಲ. ಕೊನೇ ಎರಡು ಕೋಟ್‌ಗೆ ಏನೋ ಬೆರೆಸುತ್ತೇನೆ. ಅದನ್ನು ಬರೆಯಲ್ಲ, ಹೊಟ್ಟೆಪಾಡು ಅಲ್ವಾ.

ಉಳಿದ ಮೂರು ಗೋಡೆಗೆ ಯಾಕೆ ಏನೂ ಹಚ್ಚಲಿಲ್ಲ? ಗೋಡೆಯೊಳಗೆ ತೇವ ಇದೆಯಾ ನೋಡಲು ಎರಡು ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಟ್ಟೆ. ಉತ್ತರದ ಗೋಡೆಯಲ್ಲಿ ಹಾಳೆಯ ಒಳಗೆಲ್ಲ ಹನಿ. ಹುಡುಕಿದರೆ, ಬುಡದಲ್ಲಿ ಮಣ್ಣು ಒಂದು ಗೇಣು ಏರಿತ್ತು. ಮಣ್ಣು ತೆಗೆದೆ, ಸಜ್ಜೆಯ ನೀರು ಗೋಡೆಗೆ ಹರಿಯದ ಹಾಗೆ ಮಾಡಿದೆ. ನಾಲ್ಕು ತಿಂಗಳಿಗೆ ಹಾಳೆ ಒಣಗಿತ್ತು. ಯಾವ ಕಲೆ ಮುಚ್ಚಲು ಬಣ್ಣ ಬೇಕು ಅಂದುಕೊಂಡಿದ್ದೆನೋ ಆ ಕಲೆಯೇ ಹೆಚ್ಚುಪಾಲು ಮಾಯ! ಉಳಿದದ್ದು ಒಣ ಬ್ರಷ್‌ಗೆ ಹೋಯಿತು. ಪಶ್ಚಿಮದ ಗೋಡೆಗೆ ಸುಣ್ಣ ಹೊಡೆದದ್ದೂ ಅಂದಕ್ಕಲ್ಲ. ಪೊರೆ ಕಳೆದುಕೊಂಡ ಇಟ್ಟಿಗೆಗೆ ಮೇಲೊಂದು ಹೊದಿಕೆ ಬೇಕಿತ್ತು.

ಗಿರಾಕಿಗಳಿಗೆ ಬಣ್ಣ ಬೇಡವೇ ಬೇಡ ಅನ್ನಲ್ಲ. ಈಗಾಗಲೇ ಬಣ್ಣ ಇದ್ದು, ಅದು ಗಟ್ಟಿಯಾಗಿ ಹಿಡಿದಿದ್ದು, ಗೋಡೆ ಒಣಗಿದ್ದರೆ ಅದರ ಮೇಲೇ ಹೊಡೆಯುತ್ತೇನೆ. ತೆಗೆಯಲು ಹೋದರೆ ಜಾಸ್ತಿ ಹಾಳು. ಹೊಸ ಇಟ್ಟಿಗೆಯಾದರೆ ಒಂದು ವರ್ಷ ತಡೆಯಿರಿ ಅನ್ನುತ್ತೇನೆ. ಅರ್ಧ ಜನ ಬೇರೆಯವರ ಹತ್ತಿರ ಹೋಗುತ್ತಾರೆ. ಹೋಗಲಿ.

ನಾಲ್ಕನೇ ವರ್ಷ ಸುಣ್ಣಕ್ಕೆ ಮತ್ತೊಂದು ಕೋಟ್ ಕೊಟ್ಟೆ. ಒಬ್ಬ ಹುಡುಗ, ಒಂದು ಸಂಜೆ, ಆ ನೂರರ ಲೆಕ್ಕದಲ್ಲಿ ಹತ್ತು ಹನ್ನೆರಡು. ನೀರಿನ ಪೈಪಿನ ಹಿಂದಿನ ಮೂಲೆ ಮಾತ್ರ ಈಗಲೂ ಕೈಗೆ ಪುಡಿ ಅಂಟಿಸುತ್ತೆ. ಪೈಪು ಎಲ್ಲೋ ಸೋರುತ್ತಿದೆ, ಮೊದಲು ಅದನ್ನು ಬಿಚ್ಚಿ ನೋಡಬೇಕು.