ಕಾರ್ಬನ್ ಗಾಲಿ ಆರಿಸುವುದು ಹೇಗೆ? ತೂಕವನ್ನು ಕೊನೆಗೆ ನೋಡಿ

ರೋಡ್ ಬೈಕ್ ಕೊಂಡ ಸ್ವಲ್ಪ ದಿನಕ್ಕೇ ಹೆಚ್ಚಿನವರ ಕಣ್ಣು ಕಾರ್ಬನ್ ಗಾಲಿಗಳ ಮೇಲೆ ಬೀಳುತ್ತದೆ. ಅದರಲ್ಲಿ ತಪ್ಪೇನಿಲ್ಲ. ಸೈಕಲ್ ತಯಾರಿಸುವ ಕಂಪನಿಗಳು ಖರ್ಚು ಉಳಿಸುವುದು ಬಹುತೇಕ ಗಾಲಿಗಳಲ್ಲೇ. ಸೈಕಲ್ ಜೊತೆ ಬರುವ ಅಲ್ಯೂಮಿನಿಯಂ ಜೋಡಿ 1,800ರಿಂದ 2,000 ಗ್ರಾಂ ತೂಗುವುದು ಮಾಮೂಲು. ಒಳ್ಳೆಯ ಕಾರ್ಬನ್ ಜೋಡಿ 1,300ರಿಂದ 1,600 ಗ್ರಾಂ ಒಳಗೆ ಬರುತ್ತದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದೂ ಈ ಅಂಕಿಯೇ.

ನನ್ನ ಪ್ರಕಾರ ತೂಕ ಕೊನೆಗೆ ನೋಡಬೇಕಾದದ್ದು. ಮೊದಲು ನಿಮ್ಮ ಸೈಕಲ್ ನೋಡಿ, ಆಮೇಲೆ ಟಯರ್, ಆಮೇಲೆ ರಿಮ್ (ಟಯರ್ ಕೂರುವ ಹೊರಬಳೆ), ಆಮೇಲೆ ಹಬ್ (ಗಾಲಿಯ ನಡುಭಾಗ). ಈ ಸಾಲಿನಲ್ಲಿ ಹೋದರೆ ಪಟ್ಟಿಯಲ್ಲಿರುವ ಅರ್ಧಕ್ಕರ್ಧ ಗಾಲಿಗಳು ತಾವಾಗಿಯೇ ಬಿದ್ದುಹೋಗುತ್ತವೆ.

1. ನಿಮ್ಮ ಸೈಕಲ್‌ಗೆ ಏನು ಕೂರುತ್ತದೆ?

ಮೊದಲ ಪ್ರಶ್ನೆ ಬ್ರೇಕ್‌ನದು. ಡಿಸ್ಕ್ ಬ್ರೇಕ್ (ಹಬ್ ಬಳಿಯ ತಟ್ಟೆಯನ್ನು ಹಿಡಿಯುವುದು) ಇರುವ ಈಗಿನ ರೋಡ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್ (ಹಬ್ ಒಳಗೆ ತೂರಿ ತಿರುಗಿಸಿ ಬಿಗಿಯುವ ಅಚ್ಚು) ಇರುತ್ತದೆ. ಹಬ್‌ನ ಅಗಲ ಮುಂದೆ 100 ಮಿ.ಮೀ., ಹಿಂದೆ 142. ರಿಮ್ ಬ್ರೇಕ್ (ರಿಮ್ ಅನ್ನೇ ಹಿಡಿಯುವುದು) ಸೈಕಲ್‌ಗಳಲ್ಲಿ ಸನ್ನೆ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಇರುತ್ತದೆ, ಹಿಂದಿನ ಹಬ್ 130 ಮಿ.ಮೀ. ಡಿಸ್ಕ್ ಬ್ರೇಕ್ ಹೊಸದಾಗಿ ಬಂದ ಕಾಲದ ಕೆಲವು ಸೈಕಲ್‌ಗಳಲ್ಲಿ ಬೇರೆ ಅಳತೆಗಳೂ ಇವೆ. ಹಾಗಾಗಿ ಊಹೆ ಬೇಡ, ನಿಮ್ಮ ಫ್ರೇಮ್‌ನ ಮಾಹಿತಿ ಪುಸ್ತಕ ತೆಗೆದು ನೋಡಿಕೊಳ್ಳಿ.

ಎರಡನೆಯದು ಫ್ರೀಹಬ್. ಹಿಂದಿನ ಗಾಲಿಯಲ್ಲಿ ಕ್ಯಾಸೆಟ್ (ಗೇರ್ ಚಕ್ರಗಳ ಗುಚ್ಛ) ಕೂರುವ ಭಾಗ ಇದು. ಗೇರ್ ತಯಾರಿಸುವ ಶಿಮಾನೊ, ಸ್ರ್ಯಾಮ್, ಕ್ಯಾಂಪಗ್ನೋಲೊ ಮೂವರದ್ದೂ ಒಂದೇ ಥರ ಇಲ್ಲ. ಶಿಮಾನೊದ 12 ಸ್ಪೀಡ್ ರೋಡ್ ಕ್ಯಾಸೆಟ್ ಹಳೆಯ 11 ಸ್ಪೀಡ್ ಫ್ರೀಹಬ್ ಮೇಲೂ ಕೂರುತ್ತದೆ. ಸ್ರ್ಯಾಮ್‌ನ 10 ಹಲ್ಲಿನಿಂದ ಶುರುವಾಗುವ 12 ಸ್ಪೀಡ್ ರೋಡ್ ಕ್ಯಾಸೆಟ್‌ಗೆ ಮಾತ್ರ ಎಕ್ಸ್‌ಡಿಆರ್ ಎಂಬ ಬಗೆಯ ಫ್ರೀಹಬ್ಬೇ ಬೇಕು. ಡಿಸ್ಕ್ ರೋಟರ್ (ಬ್ರೇಕ್ ಹಿಡಿಯುವ ತಟ್ಟೆ) ಕೂರಿಸುವ ಬಗೆಯೂ ಎರಡು: ಒಂದೇ ರಿಂಗ್‌ನಿಂದ ಬಿಗಿಯುವ ಸೆಂಟರ್ ಲಾಕ್ ಮತ್ತು ಆರು ಬೋಲ್ಟ್. ರೋಡ್ ಗಾಲಿಗಳಲ್ಲಿ ಸೆಂಟರ್ ಲಾಕ್ ಜಾಸ್ತಿ.

ರಿಮ್ ಬ್ರೇಕ್ ಸೈಕಲ್ ಇರುವವರಿಗೆ ಇಲ್ಲೇ ಒಂದು ಮಾತು. ಕಾರ್ಬನ್ ರಿಮ್ ಅಂದರೆ ಕಾರ್ಬನ್ ನಾರನ್ನು ರಾಳದಲ್ಲಿ ಅಂಟಿಸಿ ಮಾಡಿದ್ದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ. ಅಲ್ಯೂಮಿನಿಯಂ ಆ ಬಿಸಿಯನ್ನು ಬೇಗ ಹರಡಿ ಹೊರಗೆ ಬಿಡುತ್ತದೆ, ಕಾರ್ಬನ್ ಬಿಡುವುದಿಲ್ಲ. ಬಿಸಿ ಮಿತಿ ಮೀರಿದರೆ ರಾಳ ಮೆತ್ತಗಾಗಿ ರಿಮ್‌ನ ಗೋಡೆ ಉಬ್ಬಬಹುದು. ಮಳೆಯಲ್ಲಿ ಬ್ರೇಕ್ ಹಿಡಿತವೂ ಕಡಿಮೆ. ಬೆಟ್ಟ ಹತ್ತಿ ಇಳಿಯುವುದೇ ನಿಮ್ಮ ಖುಷಿ, ಸೈಕಲ್ ರಿಮ್ ಬ್ರೇಕಿನದು ಅಂತಾದರೆ ಒಳ್ಳೆಯ ಅಲ್ಯೂಮಿನಿಯಂ ಗಾಲಿಯೇ ಸರಿ ಎನ್ನುವೆ. ಡಿಸ್ಕ್ ಸೈಕಲ್‌ನವರಿಗೆ ಈ ತಲೆನೋವಿಲ್ಲ.

2. ಟಯರ್ ತೀರ್ಮಾನಿಸಿ, ಆಮೇಲೆ ರಿಮ್

ಹೆಚ್ಚಿನವರು ಮೊದಲು ರಿಮ್ ಕೊಂಡು ಆಮೇಲೆ ಟಯರ್ ಹುಡುಕುತ್ತಾರೆ. ಇದು ತಲೆಕೆಳಗಾದ ಲೆಕ್ಕ. ನೀವು ಓಡಿಸುವ ರಸ್ತೆಗೆ ಎಷ್ಟು ಅಗಲದ ಟಯರ್ ಬೇಕು, ನಿಮ್ಮ ಫ್ರೇಮ್ ಎಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇವೆರಡನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಈಗ ರೋಡ್ ಬೈಕ್‌ಗೆ 28 ಮಿ.ಮೀ. ಸಾಮಾನ್ಯ. ರಸ್ತೆ ಒರಟಾಗಿದ್ದರೆ 30 ಅಥವಾ 32.

ರಿಮ್‌ನ ಒಳ ಅಗಲ ಹೆಚ್ಚಾದಷ್ಟೂ ಅದೇ ಟಯರ್ ಹಿಗ್ಗಿ ಕೂರುತ್ತದೆ. 19 ಮಿ.ಮೀ. ರಿಮ್‌ನಲ್ಲಿ 28 ತೋರಿಸುವ ಟಯರ್, 23ರ ರಿಮ್‌ನಲ್ಲಿ 30ರ ಹತ್ತಿರ ಬರಬಹುದು. ಹಳೆಯ ಫ್ರೇಮ್‌ನಲ್ಲಿ ಅದು ಫೋರ್ಕಿಗೋ ಚೈನ್‌ಸ್ಟೇಗೋ (ಹಿಂದಿನ ಗಾಲಿಯ ಪಕ್ಕದ ಫ್ರೇಮ್ ಕೊಳವೆ) ಉಜ್ಜಬಹುದು. ಆದ್ದರಿಂದ ಟಯರಿನ ಮೇಲೆ ಬರೆದ ಅಂಕಿಯನ್ನಷ್ಟೇ ನಂಬಬೇಡಿ. ಅದೇ ಟಯರ್, ಅದೇ ಒಳ ಅಗಲದಲ್ಲಿ ನಿಜವಾಗಿ ಎಷ್ಟು ಬರುತ್ತದೆ ಅಂತ ಕೇಳಿ.

ಗಾಳಿಯ ತಡೆ ಕಡಿಮೆ ಮಾಡುವುದಕ್ಕೂ ಒಂದು ಹಳೆಯ ಲೆಕ್ಕ ಇದೆ. ರಿಮ್‌ನ ಹೊರ ಅಗಲ ಟಯರ್‌ನ ನಿಜವಾದ ಅಗಲಕ್ಕಿಂತ ಕನಿಷ್ಠ ಶೇ 5ರಷ್ಟು ಹೆಚ್ಚಿರಬೇಕು. 28 ಮಿ.ಮೀ. ಟಯರ್‌ಗೆ ಹೊರ ಅಗಲ ಸುಮಾರು 29.5. ಟಯರ್ ರಿಮ್‌ಗಿಂತ ಉಬ್ಬಿಕೊಂಡರೆ ಗಾಳಿ ರಿಮ್ ಮೇಲೆ ನೀಟಾಗಿ ಸರಿಯುವುದಿಲ್ಲ, ಆಳದ ರಿಮ್‌ಗೆ (ಟಯರ್ ಕಡೆಯಿಂದ ಹಬ್ ಕಡೆಗೆ ಹೆಚ್ಚು ಚಾಚಿದ್ದು) ಕೊಟ್ಟ ದುಡ್ಡು ಸುಮ್ನೆ ಹೋಗುತ್ತದೆ.

ಈಗ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ: ಹುಕ್ ಇರುವ ರಿಮ್ಮೋ, ಹುಕ್‌ಲೆಸ್ಸೋ? ಹಳೆಯ ಪದ್ಧತಿಯ ರಿಮ್‌ನ ಒಳ ಅಂಚಿನಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಟಯರ್ ಅಂಚನ್ನು ಅದು ಹಿಡಿದುಕೊಳ್ಳುತ್ತದೆ. ಹುಕ್‌ಲೆಸ್‌ನಲ್ಲಿ ಗೋಡೆ ನೇರ. ತಯಾರಿಕೆ ಸುಲಭ, ಅಂಚು ದಪ್ಪಗಿದ್ದು ಗುಂಡಿಯ ಪೆಟ್ಟನ್ನೂ ತಡೆಯುತ್ತದೆ. ಆದರೆ ಷರತ್ತುಗಳು ಬಿಗಿ. ಗಾಳಿಯ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟುವಂತಿಲ್ಲ. ಟ್ಯೂಬ್ ಹಾಕಿ ಓಡಿಸಿದರೂ ಟಯರ್ ಮಾತ್ರ ಟ್ಯೂಬ್‌ಲೆಸ್‌ನದೇ ಆಗಿರಬೇಕು, ಅದೂ ರಿಮ್ ಕಂಪನಿ ಒಪ್ಪಿದ ಪಟ್ಟಿಯಲ್ಲಿ ಇರಬೇಕು. ಒಳ ಅಗಲ 25 ಮಿ.ಮೀ. ಇದ್ದರೆ 28ರ ಟಯರ್ ಬೇಡ, 30ಕ್ಕೆ ಹೋಗಿ.

2024ರ ಯುಎಇ ಟೂರ್ ರೇಸ್‌ನಲ್ಲಿ ಸೈಕಲ್ ರೇಸರ್ ಥಾಮಸ್ ಡಿ ಗೆಂಡ್ಟ್ ಅವರ ಟಯರ್ ಹುಕ್‌ಲೆಸ್ ರಿಮ್‌ನಿಂದ ಕಳಚಿಬಂದು ಅವರು ಬಿದ್ದಾಗ ದೊಡ್ಡ ಚರ್ಚೆಯೇ ಆಯಿತು. ಹುಕ್‌ಲೆಸ್ ಅಂದ ಮಾತ್ರಕ್ಕೆ ಅಪಾಯ ಅಂತಲ್ಲ. ಆದರೆ ತಪ್ಪಿಗೆ ಜಾಗ ಕಡಿಮೆ. ನೀವು ಭಾರಿ ಆಳಾಗಿದ್ದರೆ, 70 ಪಿಎಸ್‌ಐಗಿಂತ ಜಾಸ್ತಿ ಗಾಳಿ ಹೊಡೆಯುವ ರೂಢಿ ಇದ್ದರೆ, ಅಥವಾ ಕೈಗೆ ಸಿಕ್ಕ ಟಯರ್ ಹಾಕಿಕೊಳ್ಳುವವರಾದರೆ, ಕಣ್ಣು ಮುಚ್ಚಿ ಹುಕ್ ಇರುವುದನ್ನೇ ಆರಿಸಿ.

3. ರಿಮ್ ಎಷ್ಟು ಆಳ?

ಆಳದ ರಿಮ್ ಚೆಂದ ಕಾಣುತ್ತದೆ, ಒಪ್ಪೋಣ. ಉರುಳುವಾಗ ಬರುವ ಆ ಗುಂಯ್ ಸದ್ದಿಗೇ ಸೋತವರಿದ್ದಾರೆ. ಆದರೆ ಲೆಕ್ಕ ಬೇರೆ ಹೇಳುತ್ತದೆ.

ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಕಂಪನಿಗಳು ಹೆಚ್ಚಾಗಿ ಪರೀಕ್ಷೆ ಮಾಡುವುದು ಗಂಟೆಗೆ 45 ಕಿ.ಮೀ. ಆಸುಪಾಸಿನ ವೇಗದಲ್ಲಿ. ಅಲ್ಲಿ ಆಳದ ರಿಮ್‌ನಿಂದ 10 ವ್ಯಾಟ್ ಉಳಿಯಿತು ಅಂದುಕೊಳ್ಳಿ. ನೀವು 30 ಕಿ.ಮೀ. ವೇಗದಲ್ಲಿ ಹೋದರೆ ಉಳಿಯುವುದು ಹೆಚ್ಚುಕಡಿಮೆ 3 ವ್ಯಾಟ್. ಅದೇ, ಸಾಧಾರಣ ಟಯರ್ ತೆಗೆದು ಒಳ್ಳೆಯ ರೇಸ್ ಟಯರ್ ಜೋಡಿ ಹಾಕಿದರೆ 10 ವ್ಯಾಟ್‌ಗಿಂತ ಜಾಸ್ತಿ ಉಳಿಯುವುದು ಅಪರೂಪವೇನಲ್ಲ. ಟಯರ್ ಇನ್ನೂ ಬದಲಿಸದವರು ಮೊದಲು ಅದನ್ನು ಮಾಡಲಿ ಎನ್ನುವುದು ಇದಕ್ಕೇ.

ಜೊತೆಗೆ ಅಡ್ಡಗಾಳಿ ಇದೆ. 60 ಮಿ.ಮೀ. ಆಳದ ಮುಂದಿನ ಗಾಲಿ ಬಿರುಗಾಳಿಗೆ ಬಿಚ್ಚಿದ ಕೊಡೆ ಇದ್ದ ಹಾಗೆ. ಲಾರಿ ಪಕ್ಕದಲ್ಲಿ ಹಾದುಹೋದಾಗ ಹ್ಯಾಂಡಲ್ ಎಳೆಯುತ್ತದೆ. ಹಿಂದಿನ ಗಾಲಿಗೆ ಈ ತೊಂದರೆ ಕಡಿಮೆ, ಯಾಕಂದರೆ ಅದು ಹ್ಯಾಂಡಲ್ ಜೊತೆ ಅತ್ತಿತ್ತ ತಿರುಗುವುದಿಲ್ಲ. ಅದಕ್ಕೇ ಕೆಲವು ಜೋಡಿಗಳಲ್ಲಿ ಮುಂದಿನ ರಿಮ್ ಆಳ ಕಡಿಮೆ, ಹಿಂದಿನದು ಜಾಸ್ತಿ. ರಿಮ್‌ನ ಆಕಾರವನ್ನೂ ನೋಡಿ. ಚೂಪಾದ ತುದಿಯ ಹಳೆಯ ರಿಮ್‌ಗಳಿಗಿಂತ ದುಂಡು ತುದಿಯ ಅಗಲದ ರಿಮ್‌ಗಳು ಅಡ್ಡಗಾಳಿಯಲ್ಲಿ ಹೆಚ್ಚು ನೆಮ್ಮದಿ.

ಬೆಟ್ಟವೇ ಜಾಸ್ತಿ, ಅಥವಾ ನಿಮ್ಮ ಮೈತೂಕ ಕಡಿಮೆ ಅಂದರೆ 30ರಿಂದ 40 ಮಿ.ಮೀ. ಎಲ್ಲಕ್ಕೂ ಒಂದೇ ಜೋಡಿ ಅಂದರೆ 40ರಿಂದ 50. ಅದಕ್ಕಿಂತ ಆಳದ್ದು ಬಯಲು ರಸ್ತೆಯ ರೇಸಿನವರಿಗೆ ಬಿಡಿ. ವಾಲ್ವ್ ಉದ್ದ ಮರೆಯಬೇಡಿ: 50 ಮಿ.ಮೀ. ರಿಮ್‌ಗೆ ಸುಮಾರು 70 ಮಿ.ಮೀ. ವಾಲ್ವ್ ಬೇಕು. ದಾರಿಯಲ್ಲಿ ಪಂಚರ್ ಆದಾಗ ಬ್ಯಾಗಿನಲ್ಲಿರುವ ಟ್ಯೂಬ್‌ನ ವಾಲ್ವ್ ಗಿಡ್ಡ ಅಂತ ಗೊತ್ತಾದರೆ ಏನು ಮಾಡ್ತೀರಿ?

4. ಹಬ್ ಮತ್ತು ಕಡ್ಡಿ

ರಿಮ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತೊಂದರೆ ಕೊಡುವುದು ಹಬ್. ಬೇರಿಂಗ್ ಸುಲಭವಾಗಿ ಸಿಗುವ ಅಳತೆಯದಾ? ಫ್ರೀಹಬ್ ಬಿಚ್ಚಿ ಗ್ರೀಸ್ ಹಚ್ಚಲು ವಿಶೇಷ ಟೂಲ್ ಬೇಕಾ? ಬಿಡಿಭಾಗ ಐದು ವರ್ಷದ ನಂತರವೂ ಸಿಗುತ್ತದಾ? ಈ ಮೂರು ಕೇಳಿ. ಸೆರಾಮಿಕ್ ಬೇರಿಂಗ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ದಿನಬಳಕೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಡ್ಡಿಗಳು ಸ್ಟೀಲ್ ಆಗಿದ್ದರೆ ಸಾಕು. ಡಿಸ್ಕ್ ಗಾಲಿಗಳಲ್ಲಿ ಮುಂದೆ 24, ಹಿಂದೆ 24 ಇದ್ದರೆ ಚಿಂತೆಯಿಲ್ಲ. ಕಾರ್ಬನ್ ಕಡ್ಡಿ ಹಗುರ, ಗಟ್ಟಿಯೂ ಹೌದು. ಆದರೆ ಮುರಿದರೆ ಅದೇ ಕಂಪನಿಯ ಕಡ್ಡಿಗೆ ಕಾಯಬೇಕು. ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಟ್ಟು) ರಿಮ್‌ನ ಹೊರಗೆ ಕಾಣುವಂತಿರಲಿ. ಒಳಗೆ ಅಡಗಿಸಿದ್ದರೆ ಗಾಲಿಯ ಸಣ್ಣ ಬೆಂಡ್ ತೆಗೆಯಲೂ ಟಯರ್, ಟೇಪ್ ಎಲ್ಲ ಬಿಚ್ಚಬೇಕು. ಟ್ಯೂಬ್‌ಲೆಸ್ ಸೀಲಂಟ್ (ತೂತು ಮುಚ್ಚುವ ದ್ರವ) ಇದ್ದರಂತೂ ಕೈಯೆಲ್ಲ ಅಂಟು.

5. ಈಗ ತೂಕ

ಹಳೆಯ ಗಾಲಿಗಿಂತ 400 ಗ್ರಾಂ ಉಳಿಯಿತು ಅನ್ನಿ. ನೀವು, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಅಂದರೆ ಅದು ಶೇ 0.5. ಒಂದು ಗಂಟೆ ಹತ್ತುವ ಕಡಿದಾದ ಏರಿನಲ್ಲಿ ಹೆಚ್ಚೆಂದರೆ 18 ಸೆಕೆಂಡ್. ಗಾಲಿ ಹಗುರಾದಾಗ ಸೈಕಲ್ ಚುರುಕಾಗಿ ಏಳುವಂತೆ ಅನಿಸುವುದು ನಿಜ, ಆ ಖುಷಿಗೆ ಬೆಲೆ ಇಲ್ಲ ಅನ್ನಲಾರೆ. ಆದರೆ 1,350 ಮತ್ತು 1,450 ಗ್ರಾಂ ನಡುವೆ ತಲೆ ಕೆರೆದುಕೊಳ್ಳುವ ಬದಲು, ಹೇಳಿದ ತೂಕದಲ್ಲಿ ರಿಮ್ ಟೇಪ್, ವಾಲ್ವ್ ಸೇರಿದೆಯಾ ಅಂತ ಕೇಳುವುದು ಮೇಲು.

6. ಕೊಳ್ಳುವಾಗ, ಕೂರಿಸುವಾಗ

ಸವಾರನ ತೂಕದ ಮಿತಿ ಓದಿ. ಆ ಮಿತಿ ಸವಾರನಿಗೆ ಮಾತ್ರವೋ, ಸೈಕಲ್ ಸೇರಿಯೋ ಎಂಬುದನ್ನೂ ಓದಿ. ಬಿದ್ದು ರಿಮ್ ಒಡೆದರೆ ರಿಯಾಯಿತಿ ದರದಲ್ಲಿ ಬದಲಿಸಿಕೊಡುವ ಕಂಪನಿಗಳಿವೆ. ವಾರಂಟಿಯಷ್ಟೇ ಇದೂ ಮುಖ್ಯ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟಯರ್ ಬಿಚ್ಚಿಸಿ ರಿಮ್‌ನ ಅಂಚು, ಕಡ್ಡಿ ತೂತುಗಳ ಸುತ್ತ ಬೆರಳಾಡಿಸಿ ಬಿರುಕು ಹುಡುಕಿ. ನೋಡಲು ಬಿಡದವರಿಂದ ಕೊಳ್ಳಬೇಡಿ.

ಕೂರಿಸುವಾಗ ಕ್ಯಾಸೆಟ್ ಮತ್ತು ಸೆಂಟರ್ ಲಾಕ್ ರಿಂಗ್ ಎರಡನ್ನೂ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಬೇಕು. ಹೊಸ ಹಬ್‌ನಲ್ಲಿ ರೋಟರ್ ಕೂದಲೆಳೆ ಅತ್ತಿತ್ತ ಆಗಿರಬಹುದು. ಬ್ರೇಕ್ ಉಜ್ಜಿದರೆ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ಸಡಿಲಿಸಿ ಮತ್ತೆ ಮಧ್ಯಕ್ಕೆ ತನ್ನಿ. ಗೇರ್ ಕೂಡ ಸ್ವಲ್ಪ ತಿದ್ದಬೇಕಾಗಬಹುದು. ರಿಮ್ ಬ್ರೇಕ್‌ನವರು ಹಳೆಯ ಪ್ಯಾಡ್ ತೆಗೆದುಬಿಡಿ. ಅದರಲ್ಲಿ ಸಿಕ್ಕಿಕೊಂಡ ಅಲ್ಯೂಮಿನಿಯಂ ಚೂರು ಕಾರ್ಬನ್ ರಿಮ್ ಅನ್ನು ಕೆರೆದು ಹಾಕುತ್ತದೆ. ಕಂಪನಿ ಹೇಳಿದ ಪ್ಯಾಡನ್ನೇ ಹಾಕಿ. ಮೊದಲ ಕೆಲವು ಸವಾರಿಗಳಲ್ಲಿ ಕಡ್ಡಿಗಳು ಸ್ವಲ್ಪ ಸಡಿಲವಾಗುವುದುಂಟು. ಆಮೇಲೆ ಒಮ್ಮೆ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಕಡ್ಡಿಗಳ ಬಿಗಿ ನೋಡಿಸಿ. ಹಳೆಯ ಅಲ್ಯೂಮಿನಿಯಂ ಜೋಡಿಯನ್ನು ಮಾರಬೇಡಿ, ಮಳೆಗಾಲಕ್ಕೂ ಟ್ರೇನರ್‌ಗೂ (ಮನೆಯೊಳಗೆ ಸೈಕಲ್ ತುಳಿಯುವ ಸ್ಟ್ಯಾಂಡ್) ಅದು ಬೇಕಾಗುತ್ತದೆ.